ಪೀಪಾಯಿಯ ಲೆಕ್ಕ, ಕ್ಯಾಲ್ಕುಲಸ್ಸಿನ ಕತೆ

ಇಲ್ಲಿ ಅಮೆರಿಕದ ಕಾಲೇಜುಗಳಲ್ಲಿ 'ಅಪ್ಲೈಡ್ ಕ್ಯಾಲ್ಕುಲಸ್' ಅಂದ್ರೆ ಸ್ವಲ್ಪ ತಾತ್ಸಾರ. ಇಂಜಿನಿಯರಿಂಗ್, ಭೌತಶಾಸ್ತ್ರದವರಿಗೆ 'ನಿಜವಾದ' ಕ್ಯಾಲ್ಕುಲಸ್. ಬಿಸಿನೆಸ್, ಬಯಾಲಜಿ, ಅರ್ಥಶಾಸ್ತ್ರದವರಿಗೆ ಈ ಕೋರ್ಸು. ತ್ರಿಕೋನಮಿತಿ ಕಡಿಮೆ, ಸಾಧನೆಗಳು ಇನ್ನೂ ಕಡಿಮೆ. ಊರಲ್ಲಿ ಪಿಯುಸಿ ಸೈನ್ಸ್ ಓದಿ ಬಂದ ನಮ್ಮ ಕನ್ನಡ ಗೆಳೆಯರಂತೂ "ಅದೂ ಒಂದು ಕ್ಯಾಲ್ಕುಲಸ್ಸಾ, ಬಿಡ್ರಿ" ಅಂತ ನಗ್ತಾರೆ.

ನಾನು ಕಾಮರ್ಸ್ ಓದಿದವನು. ಕೆಲಸಕ್ಕೆ ಬೇಕಾಯ್ತು ಅಂತ ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿನಲ್ಲಿ ಈ ಕೋರ್ಸು ತಗೊಂಡೆ. ಜೊತೆಗೇ ಅದರ ಚರಿತ್ರೆಯನ್ನೂ ಓದ್ತಾ ಹೋದೆ. ಓದಿದ ಮೇಲೆ ಅನ್ನಿಸಿದ್ದಿಷ್ಟು: ಈ ವಿದ್ಯೆ ಹುಟ್ಟಿದ್ದೇ 'ಅಪ್ಲೈಡ್' ಆಗಿ. ಸಾಧನೆ, ವ್ಯಾಖ್ಯೆ ಎಲ್ಲ ಆಮೇಲೆ ಬಂದದ್ದು.

ಕೆಪ್ಲರನ ಕತೆಯನ್ನೇ ನೋಡಿ. 1613ರಲ್ಲಿ, ಆಸ್ಟ್ರಿಯಾದ ಲಿಂಜ್ ಊರಲ್ಲಿ ವಾಸವಾಗಿದ್ದಾಗ, ಅವನ ಎರಡನೇ ಮದುವೆ ಆಯ್ತು. ಮನೆಗೆ ವೈನ್ ಪೀಪಾಯಿಗಳು ಬಂದವು. ವ್ಯಾಪಾರಿ ಪೀಪಾಯಿಯ ಹೊಟ್ಟೆಯಲ್ಲಿದ್ದ ತೂತಿನಿಂದ ಒಂದು ಕೋಲನ್ನು ಓರೆಯಾಗಿ, ಎದುರಿನ ತುದಿಯ ಮೂಲೆಗೆ ತಾಗೋ ಹಾಗೆ ಇಳಿಸಿದ. ಕೋಲು ಎಷ್ಟು ಒದ್ದೆಯಾಯ್ತೋ ಅದರ ಮೇಲೆ ಬೆಲೆ ಹೇಳಿದ. ಪೀಪಾಯಿ ಉದ್ದವೋ ದಪ್ಪವೋ ಕೇಳೋ ಹಾಗೇ ಇಲ್ಲ! ಕೆಪ್ಲರನಿಗೆ ಇದು ಸರಿಕಾಣಲಿಲ್ಲ. ಕೂತು ಲೆಕ್ಕ ಹಾಕಿದ, 1615ರಲ್ಲಿ ಅದನ್ನೇ ಪುಸ್ತಕ ಮಾಡಿದ.

ಅವನ ಅನುಮಾನ ಎಷ್ಟು ಸರಿ ಅಂತ ನಾನೂ ಲೆಕ್ಕ ಹಾಕಿ ನೋಡಿದೆ. ಸುಲಭವಾಗಲಿ ಅಂತ ಪೀಪಾಯಿಯನ್ನ ನೇರ ಸಿಲಿಂಡರ್ ಅಂದ್ಕೊಳ್ಳಿ. ಕೋಲು 60 ಸೆಂ.ಮೀ. ಒದ್ದೆಯಾಯ್ತು. ಪೀಪಾಯಿ 110 ಸೆಂ.ಮೀ. ಉದ್ದದ ಸಪೂರ ಕೊಳವೆಯಂತಿದ್ದರೆ ಒಳಗಿರೋದು ಸುಮಾರು 50 ಲೀಟರ್. ಉದ್ದ 69 ಸೆಂ.ಮೀ. ಆದರೆ ಸುಮಾರು 130 ಲೀಟರ್! ಕೋಲು ಅದೇ, ದುಡ್ಡೂ ಅಷ್ಟೇ. ಅದಕ್ಕಿಂತ ಸ್ವಾರಸ್ಯ ಮುಂದಿದೆ. ಉದ್ದವನ್ನ 65ಕ್ಕೆ ಇಳಿಸಿ, 73ಕ್ಕೆ ಏರಿಸಿ, ಅರ್ಧ ಮುಕ್ಕಾಲು ಲೀಟರಿಗಿಂತ ಹೆಚ್ಚು ವ್ಯತ್ಯಾಸ ಬರೋದಿಲ್ಲ. ಗುಡ್ಡದ ನೆತ್ತಿಯಲ್ಲಿ ನೆಲ ಸಮತಟ್ಟಾಗಿರೋ ಹಾಗೆ, ಗರಿಷ್ಠದ ಹತ್ತಿರ ಬದಲಾವಣೆ ತೀರಾ ಕಡಿಮೆ. ಇದನ್ನ ಕೆಪ್ಲರ್ ಗುರುತಿಸಿದ. ಆಸ್ಟ್ರಿಯಾದ ಪೀಪಾಯಿಗಳು ಹೆಚ್ಚುಕಮ್ಮಿ ಆ ಆಕಾರದಲ್ಲೇ ಇದ್ದದ್ದರಿಂದ ಅಲ್ಲಿನ ವ್ಯಾಪಾರಿಯ ಕೋಲು ಮೋಸ ಮಾಡ್ತಿರಲಿಲ್ಲ ಅಂತಲೂ ಕಂಡುಕೊಂಡ. ನಮ್ಮ ಕೋರ್ಸಿನಲ್ಲಿ 'ಡೆರಿವೇಟಿವ್ ಸೊನ್ನೆಗೆ ಸಮ ಮಾಡಿ' ಅಂತ ಹೇಳಿಕೊಟ್ಟದ್ದು ಇದನ್ನೇ ಅಲ್ವೇ?

ಇನ್ನೂ ಹಿಂದಕ್ಕೆ ಹೋದ್ರೆ ನಮ್ಮ ಭಾಸ್ಕರಾಚಾರ್ಯ. 1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹದ 'ತಾತ್ಕಾಲಿಕ ಗತಿ', ಅಂದ್ರೆ ಆ ಕ್ಷಣದ ವೇಗದ ಮಾತು ಬರುತ್ತೆ. ಇಡೀ ಕ್ಯಾಲ್ಕುಲಸ್ಸು ಅಲ್ಲೇ ಇತ್ತು ಅಂತ ಎದೆ ತಟ್ಟಿಕೊಳ್ಳೋದು ಬೇಡ. ಆದರೆ ಅಲ್ಲೂ ಪ್ರಶ್ನೆ ಹುಟ್ಟಿದ್ದು ಪಂಚಾಂಗದ ಅಗತ್ಯದಿಂದ.

ನ್ಯೂಟನ್ 1665-66ರಲ್ಲಿ, ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿದ್ದಾಗ, ಹಳ್ಳಿಮನೆಯಲ್ಲಿ ಕೂತು ತನ್ನ ವಿಧಾನ ಕಟ್ಟಿದ. ಲೈಬ್ನಿಟ್ಸ್ ತನ್ನ ದಾರಿಯಲ್ಲಿ ಹೋಗಿ 1684ರಲ್ಲಿ ಮೊದಲು ಅಚ್ಚು ಹಾಕಿಸಿದ. ಇಬ್ಬರಿಗೂ ಬುಡದಲ್ಲಿ ಒಂದು ತೊಡಕಿತ್ತು: ಆ 'ಅತಿ ಸಣ್ಣ' ಸಂಖ್ಯೆ ಸೊನ್ನೆಯೋ, ಅಲ್ಲವೋ? 1734ರಲ್ಲಿ ಪಾದ್ರಿ ಬರ್ಕ್ಲಿ ಇದನ್ನೇ ಹಿಡಿದು ಜಾಡಿಸಿದ. ತಕ್ಕ ಉತ್ತರ ಸಿಗೋಕೆ ಶುರುವಾದದ್ದು 1821ರಲ್ಲಿ, ಫ್ರಾನ್ಸಿನ ಕೋಶಿ ಲಿಮಿಟ್‌ಗಳ ಮೇಲೆ ಪಾಠ ಕಟ್ಟಿದಾಗ. ಅಂದ್ರೆ ಲೈಬ್ನಿಟ್ಸನ ಲೇಖನವಾಗಿ 137 ವರ್ಷಕ್ಕೆ! ಅಲ್ಲೀತನಕ ಯಾರೂ ಕೈಕಟ್ಟಿ ಕೂರಲಿಲ್ಲ. ಹ್ಯಾಲಿ ಧೂಮಕೇತು 1759ರ ಏಪ್ರಿಲ್ ನಡುವೆ ಸೂರ್ಯನ ಸಮೀಪ ಬರುತ್ತೆ ಅಂತ ಕ್ಲೇರೋ ಮತ್ತವನ ಜೊತೆಯವರು ಲೆಕ್ಕ ಕಟ್ಟಿದರು. ಅದು ಮಾರ್ಚ್ 13ಕ್ಕೆ ಬಂತು. ಸುಮಾರು ಎಪ್ಪತ್ತಾರು ವರ್ಷದ ಪಯಣದಲ್ಲಿ ಒಂದು ತಿಂಗಳ ತಪ್ಪು!

ಕಾಮರ್ಸಿನ ನನಗೆ ಹತ್ತಿರವಾದವನು ಕೂರ್ನೋ. 1838ರ ಪುಸ್ತಕದಲ್ಲಿ ಅವನು ಖನಿಜ ನೀರಿನ ಚಿಲುಮೆಯ ಒಬ್ಬ ಒಡೆಯನನ್ನ ಕಲ್ಪಿಸಿಕೊಂಡ. ನೀರು ತೆಗೆಯೋಕೆ ಖರ್ಚಿಲ್ಲ. ಬೆಲೆ ಏರಿಸಿದ್ರೆ ಗಿರಾಕಿ ಕಮ್ಮಿ, ಇಳಿಸಿದ್ರೆ ಆದಾಯ ಕಮ್ಮಿ. ಎಲ್ಲಿ ನಿಲ್ಲಿಸಬೇಕು? ಡೆರಿವೇಟಿವ್ ಸೊನ್ನೆಯಾಗೋ ಕಡೆ. ಪೀಪಾಯಿಯ ನೆತ್ತಿಯೇ ಇಲ್ಲಿ ಲಾಭದ ನೆತ್ತಿ. ನಮ್ಮ ಪಠ್ಯದ ಮಾರ್ಜಿನಲ್ ಕಾಸ್ಟ್, ಮಾರ್ಜಿನಲ್ ರೆವಿನ್ಯೂ ಎಲ್ಲ ಈ ವಂಶದವೇ.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ನಮ್ಮ ತರಗತಿಯಲ್ಲಿ ಒಬ್ಬ ಹೆಂಗಸು ಇದ್ರು. ಆಸ್ಪತ್ರೆಯಲ್ಲಿ ರಾತ್ರಿಪಾಳಿ, ಮನೇಲಿ ಇಬ್ಬರು ಮಕ್ಕಳು. ಈ ಕೋರ್ಸಿಗೆ ಅದು ಅವರ ಮೂರನೇ ಸಲ. ಇದು ದಾಟದೆ ಅವರಿಗೆ ಪದವಿ ಇಲ್ಲ, ಪದವಿ ಇಲ್ಲದೆ ಬಡ್ತಿ ಇಲ್ಲ. ಇಂಥವರ ವಿಷಯ ಹೊಸದೇನಲ್ಲ. ಕ್ಯಾಲ್ಕುಲಸ್ ಪಾಠ ಜನರನ್ನ ಸೋಸಿ ಹೊರಗೆ ಹಾಕೋ ಜರಡಿ ಆಗಬಾರದು, ಮೇಲೆತ್ತೋ ಪಂಪು ಆಗಬೇಕು ಅಂತ 1987ರಲ್ಲೇ ವಾಷಿಂಗ್ಟನ್‌ನಲ್ಲಿ ನಡೆದ ದೊಡ್ಡ ಸಭೆಯಲ್ಲಿ ಮಾತು ಬಂದಿತ್ತು. ಆಕೆ ಆ ಸಲ ಪಾಸಾದ್ರು. ಅದೇ ಜಾಗದಲ್ಲಿ ಕೈಚೆಲ್ಲಿ ಹೋದವರನ್ನೂ ಅದೇ ಸೆಮಿಸ್ಟರಿನಲ್ಲಿ ಕಂಡೆ.

ಸಾಧನೆ ಬೇಡ ಅಂತ ನಾನು ಹೇಳ್ತಿಲ್ಲ. ಬರ್ಕ್ಲಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಲಿಮಿಟ್ಟಿನ ವ್ಯಾಖ್ಯೆ ಗೊತ್ತಿಲ್ಲದವನು ಕ್ಯಾಲ್ಕುಲಸ್ ಕಲಿತವನೇ ಅಲ್ಲ ಅಂದ್ರೆ, ಕ್ಲೇರೋನನ್ನೂ ಹೊರಗಿಡಬೇಕಾಗುತ್ತೆ. ಮುಂದಿನ ಸಲ ನೀರಿನ ಡ್ರಮ್ಮು ಕಂಡಾಗ ನೀವೂ ಒಂದು ಕೋಲು ಇಟ್ಟು ಅಳೆದು ನೋಡಿ. ಲೆಕ್ಕ ಬಂದ್ರೆ ನನಗೂ ತಿಳಿಸಿ.