ಕೂಡಿ ಕೇಳಿದ ಶೃಂಗಾರ: ಮೋಹನತರಂಗಿಣಿಯಿಂದ ಬೀಗರ ಹಾಡಿನವರೆಗೆ

ಪ್ರವೇಶ

ಶೃಂಗಾರದ ಕೃತಿಯೊಂದನ್ನು ಮೆಚ್ಚಿದವರು ಅದನ್ನು ಇನ್ನೊಬ್ಬರಿಗೆ ಹೇಗೆ ದಾಟಿಸುತ್ತಾರೆ? ಕನ್ನಡ ಸಾಹಿತ್ಯ ಚರಿತ್ರೆ ಶೃಂಗಾರ ಕವಿಗಳನ್ನು ಹೆಸರಿಸಿದೆ, ರಸವಿಚಾರವನ್ನು ವಿಸ್ತಾರವಾಗಿ ನಡೆಸಿದೆ. ಮೆಚ್ಚಿದ ಪದ್ಯ ಯಾರಿಂದ ಯಾರಿಗೆ, ಯಾವ ಹೊತ್ತಿನಲ್ಲಿ, ಯಾರ ಎದುರಿನಲ್ಲಿ ದಾಟಿತು ಎಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಈ ಪ್ರಶ್ನೆಯನ್ನು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ನಿಂತು ಕೇಳುವುದಕ್ಕೆ ಎರಡು ಕಾರಣಗಳಿವೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲಿ. ಕನಕದಾಸರು ಹುಟ್ಟಿದ ಬಾಡ ಇದೇ ತಾಲ್ಲೂಕಿನ ಊರು. ಬಾಯಿಂದ ಬಾಯಿಗೆ ಬಂದ ಹಾಡು, ಓಲೆಗರಿಯಿಂದ ಓಲೆಗರಿಗೆ ಬಂದ ಕಾವ್ಯ ಎರಡನ್ನೂ ಒಟ್ಟಿಗೆ ನೋಡಲು ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ.

ನನ್ನ ವಾದ ಇಷ್ಟು: ಕನ್ನಡದಲ್ಲಿ ಶೃಂಗಾರ ಬಾಳಿದ್ದು ಕೂಟದಲ್ಲಿ, ಅದರ ಹದ ಕಾಯ್ದದ್ದೂ ಕೂಟವೇ. ಕೂಟದಿಂದ ಬಿಡಿಸಿ ತಂದ ಪದ್ಯಕ್ಕೆ ಅಶ್ಲೀಲವೆಂಬ ಹಣೆಪಟ್ಟಿ ಸುಲಭವಾಗಿ ಅಂಟಿತು.

ಬಾಡದ ಕವಿ, ಸಾಂಗತ್ಯದ ಮಟ್ಟು

ಶೃಂಗಾರವನ್ನು ರಸರಾಜನೆಂದು ಕರೆದ ಪರಂಪರೆ ನಮ್ಮದು. 11ನೆಯ ಶತಮಾನದಲ್ಲಿ ಚಂದ್ರರಾಜ 'ಮದನತಿಲಕ'ವೆಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿ ಬರೆದ. 12ನೆಯ ಶತಮಾನದ ನೇಮಿಚಂದ್ರ, ಕನಸಿನಲ್ಲಿ ಕಂಡವಳಿಗಾಗಿ ಹಂಬಲಿಸುವ ರಾಜಕುಮಾರನ ಕಥೆಯನ್ನು 'ಲೀಲಾವತಿ ಪ್ರಬಂಧ'ವಾಗಿಸಿದ. ಅದು ಚಂಪು. ವೃತ್ತ, ಕಂದಗಳ ಬಿಗಿ ಬಲ್ಲ ಪಂಡಿತರಿಗೆ ಮಾತ್ರ ಅದರ ಬಾಗಿಲು ಪೂರ್ತಿ ತೆರೆಯುತ್ತಿತ್ತು.

ಆ ಬಾಗಿಲನ್ನು ಅಗಲ ಮಾಡಿದ್ದು ಸಾಂಗತ್ಯ. ಇದು ಹಾಡುವ ಮಟ್ಟು. ಒಬ್ಬರು ಹಾಡಿದರೆ ಹತ್ತು ಜನ ಕೇಳಬಹುದು, ಕೇಳಿದವರಲ್ಲಿ ಇಬ್ಬರು ಕಲಿತು ಮತ್ತೊಂದು ಮನೆಯಲ್ಲಿ ಹಾಡಬಹುದು. 16ನೆಯ ಶತಮಾನದಲ್ಲಿ ಕರಾವಳಿಯ ರತ್ನಾಕರವರ್ಣಿ ಭೋಗ ಮತ್ತು ಯೋಗ ಎರಡನ್ನೂ ಒಬ್ಬನೇ ಚಕ್ರವರ್ತಿಯ ಬದುಕಿನಲ್ಲಿ ಕೂಡಿಸಿ 'ಭರತೇಶ ವೈಭವ'ವನ್ನು ಹಾಡಿದ್ದು ಇದೇ ಮಟ್ಟಿನಲ್ಲಿ. ಅದೇ ಶತಮಾನದ ಕನಕದಾಸರ 'ಮೋಹನತರಂಗಿಣಿ' 42 ಸಂಧಿಗಳ ಸಾಂಗತ್ಯ ಕಾವ್ಯ.

ದಾಸರೆಂದರೆ ಕೀರ್ತನೆ ಮಾತ್ರ ನೆನಪಾಗುವ ಇಂದಿನ ಓದುಗರಿಗೆ 'ಮೋಹನತರಂಗಿಣಿ' ಬೆರಗು ತರುತ್ತದೆ. ಶಿವನ ಕಣ್ಣಿಗೆ ಸುಟ್ಟುಹೋದ ಕಾಮ, ಅವನು ಪ್ರದ್ಯುಮ್ನನಾಗಿ ಮರಳಿ ಹುಟ್ಟುವುದು, ಮುಂದಿನ ತಲೆಮಾರಿನಲ್ಲಿ ಉಷೆ ಅನಿರುದ್ಧನನ್ನು ಕನಸಿನಲ್ಲಿ ಕಂಡು ಬೇಯುವುದು ಎಲ್ಲವೂ ಇಲ್ಲಿ ಒಂದೇ ಎಳೆಯಾಗುತ್ತವೆ. ಬಯಕೆಯನ್ನು ಸುಡಬಹುದು, ಅದು ಮತ್ತೆ ಹುಟ್ಟುತ್ತದೆ ಎಂಬ ತಿಳಿವು ಈ ಕಥಾಬಂಧದಲ್ಲೇ ಇದೆ. ಇನ್ನೊಂದು ಮಾತು ಗಮನಿಸಬೇಕು. ಉಷೆ ತನ್ನ ಕನಸನ್ನು ಮೊದಲು ಹೇಳಿಕೊಳ್ಳುವುದು ಗೆಳತಿ ಚಿತ್ರಲೇಖೆಗೆ. ಚಿತ್ರಲೇಖೆ ಒಬ್ಬೊಬ್ಬರ ಚಿತ್ರ ಬರೆದು ತೋರಿಸಿ ಇವನೇನು ಎಂದು ಕೇಳುತ್ತಾಳೆ. ಗುಟ್ಟನ್ನು ನಂಬಿದವರ ನಡುವೆ ಹಂಚಿಕೊಳ್ಳುವ ಕ್ರಮವನ್ನು ಕಾವ್ಯ ತನ್ನೊಳಗೇ ತೋರಿಸಿದೆ.

ಪ್ರತಿ ಮಾಡುವವರ ಪ್ರೀತಿ

ಅಚ್ಚು ಬರುವ ಮೊದಲು ಒಂದು ಕೃತಿಯನ್ನು ಉಳಿಸುವುದೆಂದರೆ ತಿಂಗಳುಗಟ್ಟಲೆ ಕುಳಿತು ಪ್ರತಿ ಮಾಡುವುದು. ಮೆಚ್ಚುಗೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಶೃಂಗಾರ ಕಾವ್ಯಗಳ ಹಸ್ತಪ್ರತಿಗಳು ನಮಗೆ ದಕ್ಕಿವೆಯೆಂದರೆ, ಅವುಗಳನ್ನು ನಾಚಿಕೆಯ ವಸ್ತುವೆಂದು ತಿಳಿಯದ ಓದುಗರ ಸಾಲೊಂದು ಇತ್ತೆಂದೇ ಅರ್ಥ.

ಈ ಸಾಲಿನ ಕೊನೆಗೆ, ಅಚ್ಚಿನ ಯುಗದ ಹೊಸ್ತಿಲಲ್ಲಿ ನಿಲ್ಲುವವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಈ ಗಾಯಕಿ, ತಂಜಾವೂರಿನ ಮರಾಠ ಅರಸ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಓದಿ ಮನಸೋತರು. ಆಗ ಲಭ್ಯವಿದ್ದ ಮುದ್ರಣದಲ್ಲಿ ಪದ್ಯಗಳು ಬಿಟ್ಟುಹೋಗಿದ್ದವು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿಸಿ, 1910ರಲ್ಲಿ ಇಡೀ ಕಾವ್ಯವನ್ನು ಅಚ್ಚು ಹಾಕಿಸಿದರು. ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಆ ಕವಿಯನ್ನೂ ಕಾವ್ಯವನ್ನೂ ಹಳಿದಿದ್ದರು. ಗಂಡಸರು ಬರೆದ ಶೃಂಗಾರವನ್ನು ಒಪ್ಪುವವರು ಹೆಂಗಸು ಬರೆದಾಗ ಏಕೆ ಮುಖ ಸಿಂಡರಿಸಬೇಕು ಎಂಬುದು ನಾಗರತ್ನಮ್ಮನವರ ನೇರ ಪ್ರಶ್ನೆಯಾಗಿತ್ತು. ವಸಾಹತು ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬಂದ 1947ರಲ್ಲಿ.

ಪಂಡಿತರ ಅಧಿಕಾರವಾಗಲಿ ಸುಧಾರಕರ ಬೆಂಬಲವಾಗಲಿ ಇಲ್ಲದ ಒಬ್ಬ ಓದುಗಿತ್ತಿ, ತಾನು ಮೆಚ್ಚಿದ್ದನ್ನು ಇತರರೂ ಓದಲಿ ಎಂದು ಇಷ್ಟು ದೂರ ನಡೆದ ನಿದರ್ಶನ ನಮ್ಮ ನೆನಪಿನಲ್ಲಿರಬೇಕು.

ಒಂಟಿ ಓದು ಮತ್ತು ಅಶ್ಲೀಲದ ಪ್ರಶ್ನೆ

ಅಚ್ಚಿನ ಪುಸ್ತಕ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು. 1860ರ ಭಾರತೀಯ ದಂಡ ಸಂಹಿತೆಯ 292ನೆಯ ಕಲಮು ಈ ಆತಂಕಕ್ಕೆ ಕಾನೂನಿನ ರೂಪ ಕೊಟ್ಟಿತು. ಅದೇ ಕಲಮು ದೇವಾಲಯದ ಶಿಲ್ಪಕ್ಕೆ ವಿನಾಯಿತಿ ಕೊಟ್ಟಿತ್ತು. ಊರೆಲ್ಲ ಕೂಡಿ ಕಾಣುವ ಕಲ್ಲಿಗೆ ರಿಯಾಯಿತಿ, ಒಬ್ಬರೇ ಓದುವ ಹಾಳೆಗೆ ಶಂಕೆ.

ಕನ್ನಡದಲ್ಲಿ ಈ ಜಗಳದ ಕಾವು ತಟ್ಟಿದ್ದು ಅ.ನ.ಕೃಷ್ಣರಾಯರಿಗೆ. ವೇಶ್ಯಾಜೀವನವನ್ನು ಕುರಿತ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಅಶ್ಲೀಲವೆಂಬ ಆರೋಪ ಹೊತ್ತವು. 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಅವರು ಉತ್ತರ ಕೊಡಬೇಕಾಯಿತು.

ಬೀಗರ ಹಾಡು, ಕಾಮಣ್ಣನ ಹಾಡು

ಪುಸ್ತಕದ ಲೋಕದಲ್ಲಿ ಈ ವಾದ ನಡೆಯುತ್ತಿದ್ದಾಗ ನಮ್ಮ ಭಾಗದ ಹಳ್ಳಿಗಳಲ್ಲಿ ಹಾಡು ನಿಂತಿರಲಿಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಬೀಗರ ಹಾಡಿನಲ್ಲಿ ಜಗ್ಗಾಡುತ್ತಾರೆ, ಅವರೂ ಹಾಡಿನಲ್ಲೇ ಮರುಮಾತು ಕೊಡುತ್ತಾರೆ. ಒನಕೆ, ಒರಳಿನಂಥ ದಿನಬಳಕೆಯ ಸಾಮಾನುಗಳೇ ಎರಡರ್ಥ ಪಡೆಯುತ್ತವೆ. ಅಜ್ಜಿಯೂ ಅತ್ತೆಯೂ ಕುಳಿತು ನಗುವ ಆ ಕೂಟದಲ್ಲಿ ಹೊಸದಾಗಿ ಮದುವೆಯಾದ ಹುಡುಗಿ, ಯಾರೂ ಪಾಠ ಮಾಡದ ಸಂಗತಿಯನ್ನು ನಗುತ್ತಲೇ ಕಲಿಯುತ್ತಾಳೆ.

ಹೋಳಿ ಹುಣ್ಣಿಮೆಯ ಕಾಮಣ್ಣನ ಹಾಡು ಗಂಡಸರದು. ಹಲಗೆಯ ಬಡಿತಕ್ಕೆ ಸಂಕೋಚವಿಲ್ಲದೆ ಹಾಡುತ್ತಾರೆ, ಕಾಮದಹನವಾಗುತ್ತದೆ, ಹಬ್ಬ ಮುಗಿದ ಮೇಲೆ ಆ ಹಾಡಿಗೆ ಬೀದಿಯಲ್ಲಿ ಜಾಗವಿಲ್ಲ. ಕನಕದಾಸರು ಕಾವ್ಯವಾಗಿಸಿದ ಕಾಮದಹನದ ಕಥೆಯನ್ನೇ ಊರು ವರ್ಷಕ್ಕೊಮ್ಮೆ ಆಡಿ ತೋರಿಸುತ್ತದೆ. ಲಾವಣಿಯ ಹರದೇಶಿ–ನಾಗೇಶಿ ವಾದದಲ್ಲಿ ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ಸವಾಲು–ಜವಾಬು ಹಾಡುತ್ತವೆ. ಬೈಲಹೊಂಗಲ ಸೀಮೆಯಿಂದ ಹೊರಟ 'ಸಂಗ್ಯಾ–ಬಾಳ್ಯಾ' ಸಣ್ಣಾಟದಲ್ಲಿ ಗಂಗಿಯ ಮೇಲಿನ ಸಂಗ್ಯಾನ ಮೋಹವನ್ನೂ ಅದರ ಕೊಲೆಯ ಕೊನೆಯನ್ನೂ ಪ್ರೇಕ್ಷಕರು ಒಂದೇ ರಾತ್ರಿಯಲ್ಲಿ ಕಾಣುತ್ತಾರೆ. ಒಲವಿನ ಹಾಡನ್ನಷ್ಟೇ ಕಿತ್ತು ತಂದರೆ ಆಟದ ಅರ್ಥ ಅಲ್ಲಿಗೇ ಮುರಿಯುತ್ತದೆ.

ಈ ನಾಲ್ಕು ಪ್ರಕಾರಗಳಲ್ಲೂ ಹೊತ್ತು ಗೊತ್ತು, ಜಾಗ ಗೊತ್ತು, ಕೇಳುವವರು ಯಾರೆಂಬುದೂ ಗೊತ್ತು. ಹಾಡಿನ ಎಲ್ಲೆ ಇರುವುದು ಈ ಮೂರರಲ್ಲಿ.

ಸಮಾರೋಪ

1931ರಲ್ಲಿ ಹಲಸಂಗಿ ಗೆಳೆಯರು ತಂದ 'ಗರತಿಯ ಹಾಡು' ಕನ್ನಡ ಜಾನಪದ ಸಂಗ್ರಹಕ್ಕೆ ದಾರಿ ತೋರಿದ ಪುಸ್ತಕ. ಅದರ ಋಣ ದೊಡ್ಡದು. ಆದರೆ ಗರತಿ ಎಂಬ ಹೆಸರು ಮುಂದಿನ ಸಂಗ್ರಾಹಕರಿಗೆ ಒಂದು ಜರಡಿಯೂ ಆಗಬಹುದು. ಬೀಗರ ಹಾಡು ಹಾಡಿದವಳೂ ಗರತಿಯೇ. ತವರನ್ನು ನೆನೆದು ಬೀಸುವ ಪದ ಹಾಡಿದ ಅದೇ ಕೊರಳು ಮದುವೆಯಲ್ಲಿ ಬೀಗನನ್ನು ಕೆಣಕಿತು. ಒಂದನ್ನು ಉಳಿಸಿ ಇನ್ನೊಂದನ್ನು ಜರಡಿ ಹಿಡಿದರೆ ನಮಗೆ ಸಿಗುವುದು ಅರ್ಧ ಹೆಣ್ಣಿನ ಚಿತ್ರ.

ಆದ್ದರಿಂದ ಈ ಹಾಡುಗಳನ್ನು ತಿದ್ದದೆ, ಚುಕ್ಕಿ ಇಡದೆ ದಾಖಲಿಸಬೇಕು. ಪಠ್ಯದ ಜೊತೆಗೆ ಕೂಟವನ್ನೂ ಬರೆದಿಡಬೇಕು: ಯಾರು ಹಾಡಿದರು, ಯಾರು ನಕ್ಕರು, ಯಾರು ಬಂದಾಗ ಹಾಡು ನಿಂತಿತು. ನಂಬಿದವರ ನಡುವೆ ಹಾಡಿದ್ದನ್ನು ಊರ ಮುಂದೆ ಹರಡುವ ಹಕ್ಕು ಸಂಶೋಧಕರಿಗಿಲ್ಲ. ಧ್ವನಿಮುದ್ರಿಸಿಕೊಂಡದ್ದನ್ನು ಹಾಡಿದವಳಿಗೇ ಮತ್ತೆ ಕೇಳಿಸಿ, ಇದನ್ನು ಯಾರಿಗೆ ಕೇಳಿಸಬಹುದವ್ವಾ ಎಂದು ಕೇಳಬೇಕು. ಅವಳು ಹೇಳುವ ಉತ್ತರವೂ ಹಾಡಿನ ಪಠ್ಯದ ಭಾಗವೆಂದೇ ಬರೆದುಕೊಳ್ಳಬೇಕು.