ಬಂದೂಕಿನ ಪರವಾನಗಿ: ಹಲಗಲಿಯಿಂದ ಗಾಂಧಿ ಬಜಾರಿನವರೆಗೆ

2017ರ ಸೆಪ್ಟೆಂಬರ್ 5ರ ಸಂಜೆ ಗಾಂಧಿ ಬಜಾರಿನ ಬಳಿಯ ಪತ್ರಿಕಾ ಕಚೇರಿಯಲ್ಲಿ ದಿನದ ಕೆಲಸ ಮುಗಿಸಿ ಹೊರಟ ಗೌರಿ ಲಂಕೇಶ್, ರಾಜರಾಜೇಶ್ವರಿ ನಗರದ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಅದಕ್ಕೂ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರ ಹತ್ಯೆಯೂ ಹೀಗೆಯೇ ನಡೆದಿತ್ತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು.

ಕದ್ದುಮುಚ್ಚಿ ತಯಾರಾಗುವ ನಾಡ ಪಿಸ್ತೂಲಿಗೆ ಪರವಾನಗಿ ಎಂಬುದೇ ಇಲ್ಲ. ಹಾಗಾದರೆ ಪರವಾನಗಿಯ ಕಾನೂನು ಹುಟ್ಟಿದ್ದು ಯಾರನ್ನು ಹಿಡಿಯಲು?

ಉತ್ತರಕ್ಕೆ 1857ಕ್ಕೆ ಹೋಗಬೇಕು. ಉತ್ತರ ಭಾರತದ ದಂಗೆಯಿಂದ ಬೆದರಿದ ಕಂಪನಿ ಸರ್ಕಾರ, ಆಯುಧ ಇಟ್ಟುಕೊಂಡವರೆಲ್ಲ ಅವನ್ನು ನೋಂದಾಯಿಸಬೇಕು, ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬಾರದು ಎಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಮತ್ತು ಕಾವಲೇ ಕಸುಬಾದವರಿಗೆ ಆಯುಧ ಒಪ್ಪಿಸುವುದೆಂದರೆ ಬದುಕನ್ನೇ ಒಪ್ಪಿಸಿದಂತೆ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೇನೆ ಊರಿಗೆ ಬೆಂಕಿಯಿಟ್ಟಿತು. ಮರುತಿಂಗಳು ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ನೇಣಿಗೇರಿಸಲಾಯಿತು. ಈ ಕಥೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು, ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದರು.

ಅದೇ ಕಾಯ್ದೆ ಕೊಡಗಿನಲ್ಲಿ ಬೇರೆ ಮುಖ ತೋರಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಸರ್ಕಾರಕ್ಕೆ ನಿಷ್ಠರೆಂದು ಮೆಚ್ಚಿ ಕೊಡವರಿಗೆ ವಿನಾಯಿತಿ ಕೊಟ್ಟರು. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಿನ ಸೂಚನೆಗೆ ಎರಡು ಗುಂಡು ಹಾರಿಸುವ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜಿಸುವ ನಾಡು ಅದು. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು.

1878ರ ಶಸ್ತ್ರಾಸ್ತ್ರ ಕಾಯ್ದೆಯಂತೂ ಭಾರತೀಯರು ಪರವಾನಗಿ ಪಡೆಯಬೇಕು, ಯುರೋಪಿಯನ್ನರಿಗೆ ಬೇಕಿಲ್ಲ ಎಂಬ ಭೇದವನ್ನೇ ಮಾಡಿತು. ಅಹಿಂಸೆಯನ್ನು ಬೋಧಿಸಿದ ಗಾಂಧೀಜಿಯವರೂ ಜನರನ್ನು ನಿರಾಯುಧರನ್ನಾಗಿಸಿದ್ದು ಬ್ರಿಟಿಷರ ಮಹಾಪರಾಧಗಳಲ್ಲೊಂದು ಎಂದಿದ್ದರು. ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯ, ನಿಯಮಕ್ಕೊಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳ ಪಟ್ಟಿಗೆ ಸೇರಿಸಿತ್ತು.

ಆದರೆ ಅಧಿಕಾರ ಕೈಗೆ ಬಂದಾಗ ಪ್ರಶ್ನೆ ತಿರುಗಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಈ ಹಕ್ಕನ್ನು ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ತಂದರು. ಯಾರು ಬೇಕಾದರೂ ಮಾರುಕಟ್ಟೆಗೆ ಹೋಗಿ ಅಡೆತಡೆಯಿಲ್ಲದೆ ಆಯುಧ ಕೊಳ್ಳುವಂತಾದರೆ ಆಡಳಿತ ನಡೆಸುವುದಾದರೂ ಹೇಗೆ ಎಂದು ಅಂಬೇಡ್ಕರ್ ಕೇಳಿದರು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದ ಸಂವಿಧಾನ ಹಕ್ಕೆಂದು ಬರೆದದ್ದನ್ನು ಭಾರತ ಅನುಮತಿಯ ವಿಷಯವಾಗಿಯೇ ಉಳಿಸಿಕೊಂಡಿತು. 1959ರ ಕಾಯ್ದೆ ನಿಂತಿರುವುದು ಈ ನಿಲುವಿನ ಮೇಲೆ.

ಈ ಆಯ್ಕೆಯ ಭಾರ ಹೊರುವವರು ನಿಯಮ ಪಾಲಿಸುವವರೇ. ಕಾಡುಹಂದಿಯಿಂದ ಬೆಳೆ ಕಾಯಲು ಬಂದೂಕು ಇಟ್ಟುಕೊಂಡ ಮಲೆನಾಡಿನ ರೈತ, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ನಾಡ ಪಿಸ್ತೂಲು ಹಿಡಿದವನಿಗೆ ಆ ತಾಪತ್ರಯವಿಲ್ಲ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು 3ರಿಂದ 2ಕ್ಕೆ ಇಳಿಸಿತು. ಜೊತೆಗೆ ಅಕ್ರಮ ತಯಾರಿಕೆ, ಮಾರಾಟಗಳಿಗೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಿತು. ಮೊದಲನೆಯದನ್ನು ಜಾರಿಗೊಳಿಸಲು ಕಚೇರಿಯ ಕಡತ ಸಾಕು. ಎರಡನೆಯದಕ್ಕೆ ಕಡತದಲ್ಲಿ ಹೆಸರೇ ಇಲ್ಲದವರನ್ನು ಹುಡುಕಬೇಕು. ಧಾರವಾಡದಲ್ಲಿ ಒಬ್ಬರನ್ನು ಕೊಂದ ಪಿಸ್ತೂಲು 2 ವರ್ಷ ಯಾರ ಕಣ್ಣಿಗೂ ಬೀಳದೆ ಬೆಂಗಳೂರಿನಲ್ಲಿ ಮತ್ತೆ ಸಿಡಿಯಿತು. ಕಾನೂನಿನ ನಿಜವಾದ ಪರೀಕ್ಷೆ ಇರುವುದು ಆ 2 ವರ್ಷಗಳಲ್ಲಿ.