ನಿವೃತ್ತರ ವಿದೇಶ ವಾಸ: ವೀಸಾ ಭದ್ರತೆ ಮತ್ತು ಕಾಯಂ ವಾಸದ ಅನುಮತಿ

ಸೇವೆಯಿಂದ ನಿವೃತ್ತರಾದ ನಂತರ ಮಕ್ಕಳೊಂದಿಗೆ ಇರುವ ಉದ್ದೇಶದಿಂದ ಅಥವಾ ಸ್ವಂತ ಉಳಿತಾಯದ ಆಧಾರದ ಮೇಲೆ ವಿದೇಶದಲ್ಲಿ ನೆಲೆಸಲು ಬಯಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವೀಸಾ ಮಂಜೂರಾತಿಯು ಆಯಾ ದೇಶದ ಸರ್ಕಾರದ ವಿವೇಚನೆಗೆ ಒಳಪಟ್ಟ ವಿಷಯವಾಗಿರುತ್ತದೆ. ಇಲ್ಲಿನ ಮನೆ ಹಾಗೂ ಠೇವಣಿಗಳನ್ನು ವಿಲೇವಾರಿ ಮಾಡುವ ಮೊದಲು, ತಮಗೆ ದೊರೆಯುವ ಅನುಮತಿ ಎಷ್ಟು ಕಾಲದ್ದು ಮತ್ತು ಯಾವ ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳುವುದು ಅವಶ್ಯಕ.

1. ಅನುಮತಿಯ ಬಗೆಗಳು

ಅ) ಸಂದರ್ಶಕ ವೀಸಾ: ಅಲ್ಪಾವಧಿಯ ಭೇಟಿಗೆ ಮಾತ್ರ. ವೀಸಾದ ಮಾನ್ಯತಾ ಅವಧಿ ಬೇರೆ, ಪ್ರತಿ ಭೇಟಿಯಲ್ಲಿ ಉಳಿಯಬಹುದಾದ ಅವಧಿ ಬೇರೆ. ಅಮೆರಿಕದ ಸಂದರ್ಶಕ ವೀಸಾ 10 ವರ್ಷಗಳವರೆಗೆ ಮಾನ್ಯವಿದ್ದರೂ ಪ್ರತಿ ಬಾರಿ ಎಷ್ಟು ದಿನ ಉಳಿಯಬಹುದೆಂಬುದನ್ನು ಪ್ರವೇಶ ಸ್ಥಳದ ಅಧಿಕಾರಿಯೇ ನಿರ್ಧರಿಸುತ್ತಾರೆ.

ಆ) ನವೀಕರಿಸಬಹುದಾದ ನಿವೃತ್ತಿ ವೀಸಾ ಅಥವಾ ದೀರ್ಘಾವಧಿ ವೀಸಾ: ಆದಾಯ, ಉಳಿತಾಯ, ಆರೋಗ್ಯ ವಿಮೆ ಮುಂತಾದ ಷರತ್ತುಗಳಿಗೆ ಒಳಪಟ್ಟಿದ್ದು, ಅವಧಿ ಮುಗಿದಾಗ ಪುನಃ ಅರ್ಹತೆಯನ್ನು ಸಾಬೀತುಪಡಿಸಬೇಕು.

ಇ) ಕಾಯಂ ವಾಸದ ಅನುಮತಿ: ಪದೇ ಪದೇ ಅರ್ಹತೆ ಸಾಬೀತುಪಡಿಸುವ ಅಗತ್ಯವಿಲ್ಲದ ವಾಸದ ಹಕ್ಕು. ಆದರೆ ಇದು ಪೌರತ್ವವಲ್ಲ. ದೀರ್ಘಕಾಲ ಆ ದೇಶದಿಂದ ಹೊರಗಿದ್ದಲ್ಲಿ ಇದೂ ರದ್ದಾಗಬಹುದು.

2. ನಿವೃತ್ತಿ ವೀಸಾದ ಮಿತಿಗಳು: ಆಸ್ಟ್ರೇಲಿಯಾದ ನಿದರ್ಶನ

ಆಸ್ಟ್ರೇಲಿಯಾ ಸರ್ಕಾರವು 55 ವರ್ಷ ಮೀರಿದ, ಸ್ವಂತ ಹಣದಿಂದ ಜೀವನ ನಡೆಸಬಲ್ಲ ವಿದೇಶಿಯರಿಗೆ 410ನೇ ಉಪವರ್ಗದ ನಿವೃತ್ತಿ ವೀಸಾವನ್ನು ನೀಡುತ್ತಿತ್ತು. ಇದು ತಾತ್ಕಾಲಿಕ ವೀಸಾ ಆಗಿದ್ದರೂ, ಪಡೆದವರಲ್ಲಿ ಅನೇಕರು ಅಲ್ಲಿಯೇ ಮನೆ ಖರೀದಿಸಿ ವರ್ಷಾನುಗಟ್ಟಲೆ ನೆಲೆಸಿದರು. 2005ರಲ್ಲಿ ಹೊಸ ಅರ್ಜಿದಾರರಿಗೆ ಈ ವೀಸಾ ನಿಂತು, ಹೂಡಿಕೆ ಆಧಾರಿತ 405ನೇ ಉಪವರ್ಗ ಜಾರಿಗೆ ಬಂದಿತು. ಅದನ್ನೂ 2018ರ ಜೂನ್‌ನಲ್ಲಿ ಹೊಸ ಅರ್ಜಿಗಳಿಗೆ ಮುಚ್ಚಲಾಯಿತು. ಈ ವೀಸಾಗಳಲ್ಲಿ ಕಾಯಂ ವಾಸಕ್ಕೆ ನೇರ ದಾರಿ ಇರಲಿಲ್ಲ. ವಯಸ್ಸು ಹೆಚ್ಚಿದಂತೆ ಖಾಸಗಿ ಆರೋಗ್ಯ ವಿಮೆಯ ಹೊರೆ ಮತ್ತು ನವೀಕರಣದ ಆತಂಕ ಮುಂದುವರಿದವು. 2018ರ ನವೆಂಬರ್‌ನಿಂದ, ಅರ್ಹ ನಿವೃತ್ತಿ ವೀಸಾದಾರರು ಪೋಷಕರ ವೀಸಾ ಮೂಲಕ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಯಿತು. ಹಲವರ ಪಾಲಿಗೆ ಇದು ಹತ್ತಕ್ಕೂ ಹೆಚ್ಚು ವರ್ಷಗಳ ನಂತರ ದೊರೆತ ಪರಿಹಾರ.

ಒಂದು ಯೋಜನೆ ಇಂದು ಜಾರಿಯಲ್ಲಿದೆ ಎಂಬ ಮಾತ್ರಕ್ಕೆ ಅದು ಜೀವಮಾನವಿಡೀ ಇರುತ್ತದೆಂದು ಭಾವಿಸಲಾಗದು ಎಂಬುದು ಇದರಿಂದ ತಿಳಿದುಬರುತ್ತದೆ.

3. ಕೊಲ್ಲಿ ರಾಷ್ಟ್ರಗಳು

ಕರಾವಳಿ ಜಿಲ್ಲೆಗಳ ಬಹಳಷ್ಟು ಮಂದಿ ಕೊಲ್ಲಿ ರಾಷ್ಟ್ರಗಳಲ್ಲಿ ದೀರ್ಘಕಾಲ ದುಡಿದವರಾಗಿದ್ದಾರೆ. ಅಲ್ಲಿ ವಾಸದ ಪರವಾನಗಿಯು ಸಾಮಾನ್ಯವಾಗಿ ಉದ್ಯೋಗಕ್ಕೆ ಹೊಂದಿಕೊಂಡಿದ್ದು, ಎಷ್ಟೇ ವರ್ಷ ಸೇವೆ ಸಲ್ಲಿಸಿದ್ದರೂ ಕಾಯಂ ವಾಸದ ಹಕ್ಕು ತಾನಾಗಿ ಲಭಿಸುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನವು 55 ವರ್ಷ ಮೀರಿದವರಿಗೆ ಆಸ್ತಿ, ಉಳಿತಾಯ ಅಥವಾ ಮಾಸಿಕ ಆದಾಯದ ಆಧಾರದ ಮೇಲೆ 5 ವರ್ಷಗಳ ನಿವೃತ್ತಿ ವಾಸ ಪರವಾನಗಿಯನ್ನು ನೀಡುತ್ತದೆ. ಇದು ಷರತ್ತುಬದ್ಧವಾಗಿ ನವೀಕರಿಸಬಹುದಾದ ಪರವಾನಗಿಯೇ ಹೊರತು ಕಾಯಂ ವಾಸವಲ್ಲ.

4. ಮಕ್ಕಳ ಪ್ರಾಯೋಜಕತ್ವದ ಮೂಲಕ ಅನುಮತಿ

ಅಮೆರಿಕ: 21 ವರ್ಷ ತುಂಬಿದ ಅಮೆರಿಕನ್ ಪೌರರು ತಂದೆ ತಾಯಿಯ ಕಾಯಂ ವಾಸಕ್ಕಾಗಿ ಮನವಿ ಸಲ್ಲಿಸಬಹುದು. ಗ್ರೀನ್ ಕಾರ್ಡ್ ಮಾತ್ರ ಹೊಂದಿರುವ ಮಕ್ಕಳಿಗೆ ಈ ಅವಕಾಶವಿಲ್ಲ. ತಂದೆಗೆ ಒಂದು, ತಾಯಿಗೆ ಒಂದರಂತೆ ಪ್ರತ್ಯೇಕ ಮನವಿ ಸಲ್ಲಿಸಬೇಕು. ಪೋಷಣೆಯ ಹೊಣೆ ಹೊರುವ ಬಗ್ಗೆ ಪ್ರಾಯೋಜಕರು ಪ್ರಮಾಣಪತ್ರ ನೀಡಬೇಕು.

ಕಾರ್ಡ್ ಪಡೆದು ಊರಿಗೆ ಬಂದು, ಅನಾರೋಗ್ಯ ಅಥವಾ ಆಸ್ತಿ ವ್ಯವಹಾರದ ಕಾರಣ ಇಲ್ಲಿಯೇ ಉಳಿದುಬಿಡುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗಿದ್ದಲ್ಲಿ ಕೇವಲ ಕಾರ್ಡ್ ತೋರಿಸಿ ಮರುಪ್ರವೇಶ ಪಡೆಯಲಾಗದು. ಅಂತಹವರು ಅಮೆರಿಕದಲ್ಲಿರುವಾಗಲೇ ಮರುಪ್ರವೇಶ ಪರವಾನಗಿಗೆ ಅರ್ಜಿ ಸಲ್ಲಿಸಿರಬೇಕು. ಈ ಪರವಾನಗಿಯು ಸಾಮಾನ್ಯವಾಗಿ ಗರಿಷ್ಠ 2 ವರ್ಷ ಮಾನ್ಯ. ವಿಮಾನ ನಿಲ್ದಾಣದಲ್ಲಿ ಕಾಯಂ ವಾಸವನ್ನು ಬಿಟ್ಟುಕೊಡುವ ಐ–407 ನಮೂನೆಗೆ ಸಹಿ ಮಾಡುವಂತೆ ಕೇಳಿದಲ್ಲಿ, ಸಹಿ ಮಾಡುವುದು ಸ್ವಇಚ್ಛೆಗೆ ಬಿಟ್ಟ ವಿಷಯ. ಸಹಿ ನಿರಾಕರಿಸಿದವರು ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆಗೆ ಕೋರಬಹುದು. ಅರ್ಥವಾಗದ ಯಾವುದೇ ಕಾಗದಕ್ಕೆ ಹಿರಿಯರು ಸಹಿ ಮಾಡಬಾರದು.

ಕೆನಡಾ: ಸೂಪರ್ ವೀಸಾ ಪಡೆದ ಪೋಷಕರು 2022ರ ಜುಲೈನಿಂದ ಪ್ರತಿ ಪ್ರವೇಶದಲ್ಲಿ 5 ವರ್ಷಗಳವರೆಗೆ ಉಳಿಯಬಹುದಾಗಿದೆ. ಇದಕ್ಕೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಇದೂ ತಾತ್ಕಾಲಿಕ ವೀಸಾವೇ. ಕಾಯಂ ವಾಸ ಪಡೆದವರು ಪ್ರತಿ 5 ವರ್ಷಗಳಲ್ಲಿ ಕನಿಷ್ಠ 730 ದಿನ ಅಲ್ಲಿ ವಾಸಿಸಬೇಕು.

5. ಭಾರತದಲ್ಲಿ ಪೂರೈಸಬೇಕಾದ ವಿಧಿಗಳು

• ಪೌರತ್ವ: ಕಾಯಂ ವಾಸದ ಅನುಮತಿಯಿಂದ ಭಾರತೀಯ ಪೌರತ್ವಕ್ಕೆ ಧಕ್ಕೆಯಿಲ್ಲ. ಆದರೆ ಅನ್ಯ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದಲ್ಲಿ, 1955ರ ಪೌರತ್ವ ಅಧಿನಿಯಮದ 9ನೇ ಪ್ರಕರಣದನ್ವಯ ಭಾರತೀಯ ಪೌರತ್ವ ಅಂತ್ಯಗೊಳ್ಳುತ್ತದೆ. ಪಾಸ್‌ಪೋರ್ಟನ್ನು ಹಿಂದಿರುಗಿಸಿ, ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು.

• ಬ್ಯಾಂಕ್ ಖಾತೆ: ಅನಿವಾಸಿಯಾದ ಬಳಿಕ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಈ ಖಾತೆಯಿಂದ, ತೆರಿಗೆ ಪಾವತಿಯ ನಂತರ, ಪ್ರತಿ ಹಣಕಾಸು ವರ್ಷದಲ್ಲಿ 10 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರಕ್ಕೆ ರವಾನಿಸಲು ಅವಕಾಶವಿದೆ.

• ಕೃಷಿ ಜಮೀನು: ಭಾರತದಲ್ಲಿ ನಿವಾಸಿಯಾಗಿದ್ದಾಗ ಪಡೆದ ಜಮೀನನ್ನು ಇಟ್ಟುಕೊಳ್ಳಬಹುದು. ಅನಿವಾಸಿಯಾದ ನಂತರ ಹೊಸದಾಗಿ ಖರೀದಿಸಲು ಸಾಮಾನ್ಯ ಅನುಮತಿ ಇರುವುದಿಲ್ಲ.

• ಪಿಂಚಣಿ: ಜೀವಿತ ಪ್ರಮಾಣಪತ್ರವನ್ನು ಪ್ರತಿ ವರ್ಷ ಸಲ್ಲಿಸಬೇಕು. ವಿದೇಶದಲ್ಲಿರುವವರು ಭಾರತೀಯ ರಾಯಭಾರ ಕಚೇರಿಯಿಂದ ಇದನ್ನು ದೃಢೀಕರಿಸಿಕೊಳ್ಳಬಹುದು. ಪಿಂಚಣಿ ಪಾವತಿಸುವ ಬ್ಯಾಂಕ್ ಅಥವಾ ಖಜಾನೆಯಲ್ಲಿ ವಿಧಾನವನ್ನು ಹೊರಡುವ ಮೊದಲೇ ವಿಚಾರಿಸುವುದು ಸೂಕ್ತ.

• ದಾಖಲೆಗಳು: ಹಿರಿಯರಲ್ಲಿ ಹಲವರ ಜನನ ನೋಂದಣಿ ಆಗಿರುವುದಿಲ್ಲ. ಅಂತಹವರು ನೋಂದಣಾಧಿಕಾರಿಗಳಿಂದ ಅಲಭ್ಯತಾ ಪ್ರಮಾಣಪತ್ರ ಪಡೆದು, ಶಾಲಾ ದಾಖಲೆಗಳನ್ನು ಒದಗಿಸಿಕೊಳ್ಳಬೇಕು. ಪೊಲೀಸ್ ನಿರಾಕ್ಷೇಪಣಾ ಪ್ರಮಾಣಪತ್ರಕ್ಕಾಗಿ ಪಾಸ್‌ಪೋರ್ಟ್ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಎಲ್ಲ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇರತಕ್ಕದ್ದು.

6. ಅರ್ಜಿದಾರರ ಗಮನಕ್ಕೆ

ಕಾಯಂ ವಾಸದ ಅನುಮತಿ ಕೈಸೇರುವವರೆಗೆ ಊರಿನಲ್ಲಿರುವ ವಾಸದ ಮನೆಯನ್ನು ಮಾರಾಟ ಮಾಡದಿರುವುದು ಕ್ಷೇಮಕರ. ನವೀಕರಣ ನಿರಾಕೃತವಾದಲ್ಲಿ, ವಿಮೆ ದೊರೆಯದಿದ್ದಲ್ಲಿ ಅಥವಾ ದಂಪತಿಗಳಲ್ಲಿ ಒಬ್ಬರು ನಿಧನರಾದಲ್ಲಿ ಉಳಿದವರು ಮರಳಿ ಬಂದು ನೆಲೆಸಲು ಒಂದು ಸೂರು ಇರಬೇಕಾದುದು ಮುಖ್ಯ. ಶುಲ್ಕ ಮತ್ತು ಅರ್ಹತೆಯ ನಿಯಮಗಳು ಬದಲಾಗುತ್ತಿರುವುದರಿಂದ, ಮಧ್ಯವರ್ತಿಗಳ ಮಾತನ್ನೇ ನಂಬದೆ, ಸಂಬಂಧಪಟ್ಟ ದೇಶದ ವಲಸೆ ಇಲಾಖೆ ಅಥವಾ ರಾಯಭಾರ ಕಚೇರಿಯ ಅಧಿಕೃತ ಪ್ರಕಟಣೆಯನ್ನು ಪರಿಶೀಲಿಸಿದ ನಂತರವೇ ಹಣ ಪಾವತಿಸಬೇಕು. ವಿದೇಶದಲ್ಲಿ ತೊಂದರೆಗೊಳಗಾದವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದ ಮೂಲಕ ದೂರು ದಾಖಲಿಸಬಹುದು.